ಒಂದು ಬೀದಿಯ ಹೆಸರು, ಹಲವು ಗುರುಗಳ ಋಣ: ಸೆಬುವಿನ ಬಲಿಂತವಾಕ್ ಪರಂಪರೆಯ ಪ್ರಕರಣ ಅಧ್ಯಯನ

ಫಿಲಿಪೈನ್ಸ್‌ನ ಸೆಬು ನಗರದಲ್ಲಿ 1950ರ ದಶಕದ ಆರಂಭದಲ್ಲಿ, ಹೆಚ್ಚಿನವರು ಒಪ್ಪುವಂತೆ 1952ರಲ್ಲಿ, ದೊಣ್ಣೆವರಸೆಯ ಪ್ರಸಿದ್ಧ ಸಂಘವೊಂದರಿಂದ ಹೊರಬಂದ ಕೆಲವರು ಗಡಿಯಾರ ರಿಪೇರಿ ಅಂಗಡಿಯೊಂದರ ಹಿಂಬದಿಯ ಇಕ್ಕಟ್ಟಾದ ಜಾಗದಲ್ಲಿ ಸಾಮು ಶುರುಮಾಡಿದರು. ಅವರ ಮುಂದಾಳು ವೆನಾನ್ಸಿಯೊ ಬಾಕೊನ್. ಮೈಕಟ್ಟಿನಲ್ಲಿ ಸಣ್ಣವನಾದರೂ ಕೋಲು ಹಿಡಿದರೆ ಎದುರಿಗೆ ನಿಲ್ಲುವವರು ವಿರಳ ಎಂದು ಊರೆಲ್ಲ ಹೆಸರಾಗಿದ್ದವನು. ಹೊಸ ಕೂಟಕ್ಕೆ ಒಂದು ಹೆಸರು ಬೇಕಿತ್ತು. ಬಾಕೊನ್ ತನ್ನ ಹೆಸರನ್ನು ಇಡಲಿಲ್ಲ, ತನ್ನ ಗುರುವಿನ ಹೆಸರನ್ನೂ ಇಡಲಿಲ್ಲ. ಅಂಗಡಿ ಯಾವ ಬೀದಿಯಲ್ಲಿತ್ತೋ ಆ ಬಲಿಂತವಾಕ್ ಬೀದಿಯ ಹೆಸರನ್ನೇ ಇಟ್ಟನು. ‘ಬಲಿಂತವಾಕ್ ಆತ್ಮರಕ್ಷಣಾ ಕ್ಲಬ್’ ಹುಟ್ಟಿದ್ದು ಹೀಗೆ.

ಆ ಬೀದಿಯ ಹೆಸರು ಇಂದು ಜಗತ್ತಿನ ಹಲವು ದೇಶಗಳಲ್ಲಿ ಒಂದು ಯುದ್ಧಕಲೆಯ ಹೆಸರಾಗಿ ಬಳಕೆಯಲ್ಲಿದೆ. ಆದರೆ ಅದು ಒಂಟಿಯಾಗಿ ನಿಲ್ಲುವುದು ಕಡಿಮೆ. ವಿಲಾಸಿನ್ ಬಲಿಂತವಾಕ್, ತೆಯೊವೆಲ್ ಬಲಿಂತವಾಕ್, ಅಟಿಲೊ ಬಲಿಂತವಾಕ್ ಎಂದು ಅದರ ಮುಂದೆ ಒಬ್ಬಲ್ಲ ಒಬ್ಬ ಗುರುವಿನ ಹೆಸರು ಸೇರಿಕೊಂಡಿರುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಒಡಕಿನ ಗುರುತು, ಪ್ರತಿಷ್ಠೆಯ ಪೈಪೋಟಿ ಎಂದು ಕಾಣಬಹುದು, ಮತ್ತು ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೂ ಈ ಪ್ರಕರಣವನ್ನು ಒಳಗಿನಿಂದ ಗಮನಿಸಿದಾಗ ನನಗೆ ಕಾಣುವುದು ಬೇರೆಯೇ. ಈ ವಿದ್ಯೆಯಲ್ಲಿ ಗುರುವಿನ ಹೆಸರು ಹೇಳುವುದು ಬರೀ ಮರ್ಯಾದೆಯ ಮಾತಲ್ಲ. ಕಲಿತದ್ದು ಏನು, ಯಾವ ಕೈಯಿಂದ ಕಲಿತದ್ದು ಎಂಬ ಖಚಿತ ಮಾಹಿತಿಯೇ ಅದರಲ್ಲಿರುತ್ತದೆ. ಬಿರುದುಗಳು ಕೊಡಲಾಗದ ಮಾಹಿತಿ ಅದು.

ಹೆಸರಿಡುವ ರೂಢಿ

ಪ್ರಕರಣಕ್ಕೆ ಹೋಗುವ ಮೊದಲು ಆ ನಾಡಿನ ರೂಢಿಯನ್ನು ಸ್ವಲ್ಪ ತಿಳಿಯಬೇಕು. ಕೋಲು, ಕತ್ತಿ, ಬರಿಗೈಗಳ ಈ ವಿದ್ಯೆಗೆ ಅಲ್ಲಿ ಒಂದೇ ಹೆಸರೆಂಬುದಿಲ್ಲ. ಲುಸೋನ್ ಕಡೆ ಅರ್ನಿಸ್ ಎನ್ನುತ್ತಾರೆ, ಸೆಬು ಮತ್ತು ವಿಸಾಯಾಸ್ ದ್ವೀಪಗಳಲ್ಲಿ ಎಸ್ಕ್ರಿಮಾ ಎನ್ನುತ್ತಾರೆ, ಅಮೆರಿಕಕ್ಕೆ ವಲಸೆ ಹೋದವರ ಶಿಷ್ಯಪರಂಪರೆಯಲ್ಲಿ ಕಾಲಿ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಮೊದಲ ಎರಡು ಹೆಸರುಗಳು ಸ್ಪ್ಯಾನಿಷ್ ಮೂಲದವು. ಮೂರನೆಯದರ ಪ್ರಾಚೀನತೆಯ ಬಗ್ಗೆ ಬಲ್ಲವರಲ್ಲೇ ವಾದವಿದೆ. 2009ರ ಡಿಸೆಂಬರ್ 11ರಂದು ಅಧ್ಯಕ್ಷೆ ಗ್ಲೋರಿಯಾ ಮಕಪಗಲ್ ಅರೋಯೊ ಸಹಿ ಹಾಕಿದ 9850ನೇ ಗಣರಾಜ್ಯ ಕಾಯಿದೆ ಅರ್ನಿಸ್ ಅನ್ನು ರಾಷ್ಟ್ರೀಯ ಯುದ್ಧಕಲೆ ಮತ್ತು ಕ್ರೀಡೆ ಎಂದು ಘೋಷಿಸಿತು. ಆ ಕಾಯಿದೆ ಕೂಡ ಎಸ್ಕ್ರಿಮಾ, ಕಾಲಿ ಮತ್ತು ಪ್ರಾದೇಶಿಕ ಭಾಷೆಗಳ ಇನ್ನೂ ಕೆಲವು ಹೆಸರುಗಳನ್ನು ಪಕ್ಕದಲ್ಲಿ ಸೇರಿಸಿಕೊಂಡೇ ಮಾತನಾಡುತ್ತದೆ. ಒಂದು ಹೆಸರನ್ನು ಆರಿಸಿ ಉಳಿದವನ್ನು ಅಳಿಸುವ ಧೈರ್ಯ ಶಾಸನಕ್ಕೂ ಬರಲಿಲ್ಲ. ಬರದಿದ್ದದ್ದು ಒಳ್ಳೆಯದೇ ಆಯಿತು.

ವ್ಯಕ್ತಿಗಳನ್ನು ಕರೆಯುವ ಬಗೆಯಲ್ಲಿಯೂ ಇದೇ ಬಹುತ್ವ ಕಾಣುತ್ತದೆ. ಸೆಬುವಿನ ಹಿರಿಯ ಎಸ್ಕ್ರಿಮಾ ಗುರುಗಳು ದಾಖಲೆಯ ಹೆಸರಿಗಿಂತ ಮನೆಮಾತಿನ ಮೊಟಕು ಹೆಸರಿನಿಂದಲೇ ಉಳಿದಿದ್ದಾರೆ. ಲೊರೆನ್ಸೊ ಸಾವೆದ್ರಾ ‘ಎನ್ಸೊಂಗ್’, ತೆಯೊದೊರೊ ಸಾವೆದ್ರಾ ‘ದೊರಿಂಗ್’, ಯೂಲೊಹಿಯೊ ಕಾನ್ಯೆತೆ ‘ಯೊಲಿಂಗ್’, ಫಿಲೆಮೊನ್ ಕಾನ್ಯೆತೆ ‘ಮೊಮೊಯ್’, ಸಿರಿಯಾಕೊ ಕಾನ್ಯೆತೆ ‘ಕಾಕೊಯ್’, ನಮ್ಮ ಪ್ರಕರಣದ ವೆನಾನ್ಸಿಯೊ ‘ಅನ್ಸ್ಯೊಂಗ್’. ಈ ಮುದ್ದುಹೆಸರಿನ ಮುಂದೆ ಅಣ್ಣ ಎಂಬರ್ಥದ ‘ಮನೊಂಗ್’ ಅಥವಾ ‘ಮನೊಯ್’, ಅವುಗಳ ಮೊಟಕು ರೂಪಗಳಾದ ‘ನೊಂಗ್’, ‘ನೊಯ್’ ಸೇರಿದರೆ ಗೌರವ ಪೂರ್ತಿಯಾಯಿತು. ತಗಲೊಗ್ ಮಾತನಾಡುವ ಕಡೆ ‘ಮಾಂಗ್’, ‘ತಾತಂಗ್’ ಎನ್ನುತ್ತಾರೆ. ಶಿಕ್ಷಕನಿಗೆ ತಗಲೊಗ್‌ನಲ್ಲಿರುವ ‘ಗುರೊ’ ಎಂಬ ಪದ ಸಂಸ್ಕೃತದ ಗುರು ಶಬ್ದದಿಂದಲೇ ಬಂದದ್ದು. ಕನ್ನಡ ಓದುಗರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಗ್ರ್ಯಾಂಡ್‌ಮಾಸ್ಟರ್ ಎಂಬ ಇಂಗ್ಲಿಷ್ ಬಿರುದು ಇವೆಲ್ಲಕ್ಕಿಂತ ತಡವಾಗಿ ಬಂದಿತು. ಜಪಾನಿ ಮತ್ತು ಕೊರಿಯನ್ ಕಲೆಗಳ ದರ್ಜೆಗಳು, ಬೆಲ್ಟುಗಳು, ಪ್ರಮಾಣಪತ್ರಗಳು ಊರೂರಿಗೆ ಹರಡಿದ ಕಾಲದಲ್ಲಿ ಅವುಗಳಿಗೆ ಸಮನಾಗಿ ನಿಲ್ಲಬೇಕೆಂಬ ಒತ್ತಾಸೆ ಅದರ ಹಿಂದಿತ್ತು.

ಒಡಕಿಗೆ ಮೊದಲು

ಸೆಬುವಿನಲ್ಲಿ ಎಸ್ಕ್ರಿಮಾ ಸಂಘಟಿತ ರೂಪ ಪಡೆದದ್ದು ಸಾವೆದ್ರಾ ಮನೆತನದ ಸುತ್ತ. 1920ರಲ್ಲಿ ಲಬಾಂಗೊನ್ ಎಂಬಲ್ಲಿ ಲೊರೆನ್ಸೊ ಸಾವೆದ್ರಾರ ಮುಂದಾಳ್ತನದಲ್ಲಿ ಲಬಾಂಗೊನ್ ಫೆನ್ಸಿಂಗ್ ಕ್ಲಬ್ ಸ್ಥಾಪನೆಯಾಯಿತು. ಗಮನಿಸಿ, ಅದು ಕೂಡ ಊರಿನ ಹೆಸರೇ. ಕೆಲವು ವರ್ಷಗಳಲ್ಲಿ ಆ ಸಂಘ ನಿಂತುಹೋದ ಮೇಲೆ, 1932ರ ಜನವರಿ 11ರಂದು ಡೊಸೆ ಪಾರೆಸ್ ಎಂಬ ಹೊಸ ಸಂಘ ಹುಟ್ಟಿತು. ಸಾವೆದ್ರಾಗಳು ಮತ್ತು ಸಾನ್ ಫೆರ್ನಾಂದೊ ಕಡೆಯಿಂದ ಬಂದ ಕಾನ್ಯೆತೆ ಸಹೋದರರು ಅದರ ಮುಖ್ಯ ಆಧಾರಗಳಾಗಿದ್ದರು. ಯೂಲೊಹಿಯೊ ಕಾನ್ಯೆತೆ ಅಧ್ಯಕ್ಷರಾಗಿ ಆಯ್ಕೆಯಾಗಿ, 1988ರಲ್ಲಿ ತೀರಿಕೊಳ್ಳುವವರೆಗೆ ಆ ಸ್ಥಾನದಲ್ಲಿದ್ದರು. ಡೊಸೆ ಪಾರೆಸ್ ಎಂದರೆ ಹನ್ನೆರಡು ಸಮಾನರು, ಅಂದರೆ ಫ್ರಾಂಕರ ಚಕ್ರವರ್ತಿ ಶಾರ್ಲ್‌ಮೇನನ ಹನ್ನೆರಡು ಮಂದಿ ವೀರರು. ಅವರ ಕಥೆ ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಪದ್ಯಕಥೆ ಮತ್ತು ನಾಟಕಗಳ ಮೂಲಕ ಫಿಲಿಪೈನ್ಸ್‌ನ ಹಳ್ಳಿಹಳ್ಳಿಗೂ ಹಬ್ಬಿತ್ತು. ಸಂಘದ ಆರಂಭಿಕ ಸದಸ್ಯರ ಸಂಖ್ಯೆಗೂ ಈ ಹೆಸರು ಹೊಂದುತ್ತಿತ್ತು ಎಂದು ಸಂಘದವರು ಹೇಳುತ್ತ ಬಂದಿದ್ದಾರೆ.

ಇಲ್ಲಿ ಒಂದು ವಿಷಯ ಮುಖ್ಯವಾದದ್ದು. ಡೊಸೆ ಪಾರೆಸ್ ಎಂಬುದು ಒಬ್ಬ ಗುರುವಿನ ಹೆಸರಲ್ಲ, ಒಂದು ಶೈಲಿಯ ಹೆಸರೂ ಅಲ್ಲ. ಬೇರೆಬೇರೆ ಕೈಚಳಕದ, ಬೇರೆಬೇರೆ ಅಂತರದಲ್ಲಿ ಹೋರಾಡುವ ಹಲವು ಗುರುಗಳು ಒಂದೇ ಸೂರಿನಡಿ ಸೇರಿದ್ದರು. ಮೊಮೊಯ್ ಅವರದು ಉದ್ದನೆಯ ಹೊಡೆತದ ಸಾನ್ ಮಿಗೆಲ್ ಶೈಲಿ. ಸಹೋದರರಲ್ಲಿ ಕಿರಿಯರಾದ ಕಾಕೊಯ್ ಮುಂದೆ ಜೂಡೊದ ಎಸೆತಗಳನ್ನೂ ಬೆರೆಸಿ ಎಸ್ಕ್ರಿಡೊ ಎಂಬ ತಮ್ಮದೇ ವಿಧಾನ ರೂಪಿಸಿದರು. ಸಂಘ ಎಂಬುದು ಸಮಾನಸ್ಕಂಧರ ಕೂಟ ಎಂಬ ಭಾವನೆ ಹೆಸರಿನಲ್ಲೇ ಇತ್ತು. ಸಮಾನರ ಕೂಟದಲ್ಲಿ ನಾಯಕತ್ವ ಯಾರದು, ಒಳ್ಳೆಯ ವಿದ್ಯೆಯ ಶ್ರೇಯಸ್ಸು ಯಾರಿಗೆ ಎಂಬ ಪ್ರಶ್ನೆ ಇಂದಲ್ಲ ನಾಳೆ ಏಳಲೇಬೇಕು.

ಎರಡನೇ ಮಹಾಯುದ್ಧ ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸಿತು. ಆ ಕಾಲದ ಅತ್ಯಂತ ಸಮರ್ಥ ಆಟಗಾರ ಎಂದು ಹಲವರು ಒಪ್ಪಿಕೊಂಡಿದ್ದ ದೊರಿಂಗ್ ಸಾವೆದ್ರಾ ಜಪಾನಿ ಸೈನಿಕರಿಗೆ ಸೆರೆಸಿಕ್ಕು ಪ್ರಾಣ ಕಳೆದುಕೊಂಡರು. ವಿದ್ಯೆ ಬಂದದ್ದು ಯಾವ ಮನೆಯಿಂದಲೋ ಆ ಮನೆಯ ಮುಖ್ಯ ಉತ್ತರಾಧಿಕಾರಿಯೇ ಇಲ್ಲವಾದಾಗ, ಉಳಿದ ಶಿಷ್ಯರಲ್ಲಿ ಪ್ರತಿಯೊಬ್ಬನಿಗೂ ತಾನು ಆ ಮನೆಯ ಸೊತ್ತಿನ ಒಂದು ಪಾಲನ್ನು ಕಾಪಾಡುತ್ತಿದ್ದೇನೆ ಎನ್ನಿಸುವುದು ಸಹಜ. ಕಾರ್ಕಾರ್ ಎಂಬ ಊರಿನಲ್ಲಿ 1912ರಲ್ಲಿ ಹುಟ್ಟಿದ ಅನ್ಸ್ಯೊಂಗ್ ಬಾಕೊನ್ ಲೊರೆನ್ಸೊ ಸಾವೆದ್ರಾರ ಶಿಷ್ಯ. ಯುದ್ಧಾನಂತರದ ಡೊಸೆ ಪಾರೆಸ್‌ನಲ್ಲಿ ಅವರೂ ಇದ್ದರು, ಕಾನ್ಯೆತೆ ಸಹೋದರರೂ ಇದ್ದರು. ಎರಡೂ ಕಡೆಯವರು ಇಂದಿಗೂ ಸಾವೆದ್ರಾ ಹೆಸರನ್ನು ತಮ್ಮ ವಂಶವೃಕ್ಷದ ಬುಡದಲ್ಲಿಯೇ ಬರೆಯುತ್ತಾರೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಬೀದಿಯ ಹೆಸರು

ಬಾಕೊನ್ ಹೊರಬಂದದ್ದೇಕೆ ಎಂಬುದಕ್ಕೆ ಎರಡು ಪಕ್ಷಗಳ ಕಥನಗಳು ಬೇರೆಬೇರೆ. ಸಂಘದ ಆಡಳಿತ ಒಂದೇ ಕುಟುಂಬದ ಕೈಯಲ್ಲಿ ನಿಂತಿತೆಂಬ ಅಸಮಾಧಾನ, ಹೋರಾಟದ ವಿಧಾನದ ಬಗ್ಗೆ ಭಿನ್ನಾಭಿಪ್ರಾಯ, ವೈಯಕ್ತಿಕ ಮನಸ್ತಾಪ ಇವೆಲ್ಲವೂ ಆ ಕಥನಗಳಲ್ಲಿ ಬೆರೆತುಕೊಂಡಿವೆ. ಯಾರ ಪರವಾಗಿಯೂ ತೀರ್ಪು ಕೊಡುವುದು ಈ ಬರಹದ ಉದ್ದೇಶವಲ್ಲ. ಬಾಕೊನ್ ಜೊತೆ ದೆಲ್ಫಿನ್ ಲೊಪೆಸ್, ತಿಮೊತೆಯೊ ಮರಾಂಗಾ, ವಿಸೆಂತೆ ಅಟಿಲೊ ಮೊದಲಾದವರು ಸೇರಿದರು. ಎದುವಾರ್ದೊ ಬಾಕುಲಿ ಎಂಬವರ ಗಡಿಯಾರ ಅಂಗಡಿಯ ಹಿಂಭಾಗ ಅವರ ಅಖಾಡವಾಯಿತು.

ಬಲಿಂತವಾಕ್ ಎಂಬುದು ಸೆಬುವಿನದಲ್ಲ, ಮನಿಲಾ ಬಳಿಯ ಸ್ಥಳವೊಂದರ ಹೆಸರು. 1896ರ ಆಗಸ್ಟ್‌ನಲ್ಲಿ ಆಂದ್ರೆಸ್ ಬೊನಿಫಾಸಿಯೊ ನೇತೃತ್ವದ ಕತಿಪುನಾನ್ ಕ್ರಾಂತಿಕಾರರು ಸ್ಪೇನಿನ ವಿರುದ್ಧ ದಂಗೆಯ ಕಹಳೆ ಊದಿದ ಘಟನೆಯೊಂದಿಗೆ ಅದು ಬೆಸೆದುಕೊಂಡಿದೆ. ಬೀದಿಗೆ ಆ ಹೆಸರು ಬಂದದ್ದು ಆ ನೆನಪಿನಿಂದ. ಕ್ಲಬ್ಬಿಗೆ ಬಂದದ್ದು ಬೀದಿಯಿಂದ. ದಂಗೆಯ ಧ್ವನಿ ಹೊಸ ಕೂಟದವರಿಗೆ ಇಷ್ಟವಾಗಿದ್ದಿರಲೂಬಹುದು. ಆದರೆ ಆಯ್ಕೆಯ ನಿಜವಾದ ಸೊಗಸು ಬೇರೆಡೆ ಇದೆ. ಬಾಕೊನ್ ತನ್ನ ಹೆಸರಿಟ್ಟಿದ್ದರೆ, ಸಾವೆದ್ರಾರಿಂದ ಬಂದದ್ದನ್ನು ತನ್ನದೇ ಸೃಷ್ಟಿ ಎಂದು ಹೇಳಿಕೊಂಡಂತಾಗುತ್ತಿತ್ತು. ಸಾವೆದ್ರಾ ಹೆಸರಿಟ್ಟಿದ್ದರೆ, ಅದೇ ಗುರುವಿನ ಋಣದಲ್ಲಿದ್ದ ಡೊಸೆ ಪಾರೆಸ್‌ನ ಗೆಳೆಯರ ಹಕ್ಕನ್ನು ಕಸಿದಂತಾಗುತ್ತಿತ್ತು. ಬೀದಿಯ ಹೆಸರಿನಿಂದ ಈ ಎರಡು ಅವಮರ್ಯಾದೆಗಳೂ ತಪ್ಪಿದವು. ಇದೆಲ್ಲವನ್ನು ಅವರು ಲೆಕ್ಕಹಾಕಿಯೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಹಾಗಾಯಿತು ಎಂದಷ್ಟೇ ಹೇಳುತ್ತಿದ್ದೇನೆ.

ಅದರ ನಂತರದ ವರ್ಷಗಳು ಶಾಂತವಾಗಿರಲಿಲ್ಲ. ಎರಡೂ ಸಂಘದವರ ನಡುವೆ ಸವಾಲುಗಳು, ಪಂದ್ಯಗಳು, ಬೀದಿಕಾಳಗಗಳು ದಶಕಗಳ ಕಾಲ ನಡೆದವು. ರಕ್ಷಣಾ ಕವಚವಿಲ್ಲದೆ ಬೆತ್ತದ ಕೋಲಿನಿಂದ ಆಡುವ ಪಂದ್ಯದಲ್ಲಿ ಸೋತವನ ಕೈ, ತಲೆ ಉಳಿಯುವುದು ಗೆದ್ದವನ ಕೃಪೆಯಿಂದ. ಆ ಕಾಲದ ಸೆಬುವನ್ನು ಇಂದು ರಮ್ಯವಾಗಿ ಚಿತ್ರಿಸುವವರಿದ್ದಾರೆ. ಗುರುಗಳ ಮೇಲಿನ ಅಭಿಮಾನವೇ ಎದುರುಪಕ್ಷದ ಗುರುಗಳನ್ನು ಹೀಯಾಳಿಸಲು ಕಾರಣವಾದ ಆ ದಿನಗಳಲ್ಲಿ ಮೆಚ್ಚಬೇಕಾದದ್ದು ಬಹಳವೇನೂ ನನಗೆ ಕಾಣುವುದಿಲ್ಲ.

ಕೈಯಿಂದ ಕೈಗೆ

ಅಂಗಡಿಯ ಹಿಂಬದಿಯ ಆ ಇಕ್ಕಟ್ಟು ವಿದ್ಯೆಯ ಸ್ವರೂಪವನ್ನೇ ತಿದ್ದಿತು ಎಂದು ಪರಂಪರೆಯವರು ಹೇಳುತ್ತಾರೆ. ಬಲಿಂತವಾಕ್‌ನಲ್ಲಿ ಒಂದೇ ಕೋಲು. ಇನ್ನೊಂದು ಕೈ ಬರಿದು. ಇಬ್ಬರೂ ಹೆಜ್ಜೆ ಮುಂದಿಡದೆಯೇ ಒಬ್ಬರ ಕೋಲು ಇನ್ನೊಬ್ಬರ ತಲೆಯನ್ನು ತಲುಪುವಷ್ಟು ಹತ್ತಿರ ನಿಲ್ಲುತ್ತಾರೆ. ಮೊದಲು ಕಲಿಯುವುದು ಅಬೆಸೆದಾರಿಯೊ, ಅಂದರೆ ಹನ್ನೆರಡು ಮೂಲ ಹೊಡೆತಗಳು ಮತ್ತು ಅವುಗಳ ತಡೆಗಳು. ಅಕ್ಷರಾಭ್ಯಾಸವೆಂದೇ ಅದನ್ನು ಕರೆಯಬಹುದು.

ಅದಾದ ಮೇಲೆ ಬರುವುದು ಅಗಾಕ್. ಸೆಬುವಾನೊ ಭಾಷೆಯಲ್ಲಿ ಅಗಾಕ್ ಎಂದರೆ ಕೈಹಿಡಿದು ನಡೆಸುವುದು. ಗುರು ಹೊಡೆಯುತ್ತಾನೆ, ಶಿಷ್ಯ ತಡೆಯುತ್ತಾನೆ, ಎಡ ಅಂಗೈಯಿಂದ ಗುರುವಿನ ಕೈಯನ್ನೋ ಕೋಲನ್ನೋ ಒತ್ತಿ ಹಿಡಿದು ಮರುಹೊಡೆತಕ್ಕೆ ಹೊರಡುತ್ತಾನೆ. ಆ ಮರುಹೊಡೆತ ಅರ್ಧ ದಾರಿಗೆ ಬರುವಷ್ಟರಲ್ಲಿ ಗುರುವಿನ ಎಡಗೈ ಶಿಷ್ಯನ ಎಡಗೈಯನ್ನು ಸರಿಸಿರುತ್ತದೆ, ಗುರುವಿನ ಕೋಲು ಇನ್ನೊಂದು ದಿಕ್ಕಿನಿಂದ ಇಳಿಯುತ್ತಿರುತ್ತದೆ. ಮುಂದಿನ ಹೊಡೆತ ಯಾವುದೆಂದು ಶಿಷ್ಯನಿಗೆ ಗೊತ್ತಿರುವುದಿಲ್ಲ. ಗುರು ವೇಗವನ್ನು ಶಿಷ್ಯನ ಶಕ್ತಿಗಿಂತ ಒಂದಿಷ್ಟೇ ಮೇಲಿರಿಸುತ್ತಾನೆ; ಶಿಷ್ಯ ಅದಕ್ಕೆ ಹೊಂದಿಕೊಂಡೊಡನೆ ಇನ್ನೊಂದಿಷ್ಟು ಏರಿಸುತ್ತಾನೆ. ತಡೆಯುವುದು ತಡವಾದಾಗ ಕೋಲು ಕಿವಿಯ ಪಕ್ಕದಲ್ಲಿ ಬಂದು ನಿಲ್ಲುತ್ತದೆ, ಇಲ್ಲವೇ ಹಗುರವಾಗಿ ತಟ್ಟುತ್ತದೆ.

ಹಿರಿಯರ ಮೇಲಿನ ಗೌರವ ಎಂಬ ಮಾತು ಇಲ್ಲಿ ಉಪದೇಶವಾಗಿ ಉಳಿಯುವುದಿಲ್ಲ. ತನ್ನನ್ನು ಹತ್ತಾರು ಸಲ ಕೆಡವಬಹುದಾಗಿದ್ದ ಕೈ ಪ್ರತಿ ಸಲವೂ ತನ್ನನ್ನು ಕಾಪಾಡಿತು ಎಂಬುದನ್ನು ಶಿಷ್ಯ ಚರ್ಮದಿಂದ ಅರಿಯುತ್ತಾನೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಹೀಗೆ ಒಬ್ಬರಿಗೆ ಒಬ್ಬರೇ ಕಲಿಸುವಾಗ ಗುರುವಿನ ಕೈಯ ಸ್ವಭಾವ ಶಿಷ್ಯನ ಕೈಗೆ ಹಾಗೆಯೇ ಇಳಿಯುತ್ತದೆ. ಒಬ್ಬ ಗುರು ಕೋಲನ್ನು ಎತ್ತಿ ದಾರಿ ಬಿಡಿಸುವವನು, ಇನ್ನೊಬ್ಬ ಒತ್ತಿ ಕಟ್ಟಿಹಾಕುವವನು, ಮತ್ತೊಬ್ಬ ಎದುರಾಳಿಯ ಮುಂದಿನ ಮೂರು ಚಲನೆಗಳನ್ನು ಎಣಿಸಿಟ್ಟುಕೊಂಡು ಬಲೆಗೆ ಕೆಡವುವವನು. ಈ ಕೊನೆಯ ಕಲೆಗೆ ಕ್ವೆಂತಾದಾ ಎಂದು ಹೆಸರು, ಬಾಕೊನ್ ಹೆಸರಾದದ್ದು ಬಹುಪಾಲು ಅದರಿಂದ. ಆದ್ದರಿಂದ ‘ಇವನು ಯಾರ ಶಿಷ್ಯ’ ಎಂಬ ಪ್ರಶ್ನೆಗೆ ಈ ವಿದ್ಯೆಯಲ್ಲಿ ತಾಂತ್ರಿಕ ಅರ್ಥವಿದೆ. ಬಲ್ಲವರು ಎರಡು ನಿಮಿಷ ಕೋಲು ತಾಗಿಸಿ ನೋಡಿದರೆ ಉತ್ತರವನ್ನು ಊಹಿಸುತ್ತಾರೆ. ಬಾಯಿಯಲ್ಲಿ ಒಂದು ಹೆಸರು, ಕೈಯಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಗುರುವಿನ ಹೆಸರು ಸೇರಿಕೊಂಡ ಬಗೆ

ಬಾಕೊನ್ ತಮ್ಮ ಮೇಲೆ ದಾಳಿಮಾಡಿದವನೊಬ್ಬನನ್ನು ಕೊಂದ ಪ್ರಕರಣದಲ್ಲಿ ಸೆರೆವಾಸ ಅನುಭವಿಸಬೇಕಾಯಿತು. ಗುರು ಇಲ್ಲದ ಆ ಅವಧಿಯಲ್ಲಿ ವಿದ್ಯೆಯನ್ನು ಉಳಿಸಿದವರಲ್ಲಿ ವಕೀಲರಾಗಿದ್ದ ಹೊಸೆ ವಿಲಾಸಿನ್ ಮತ್ತು ತೆಯೊಫಿಲೊ ವೆಲೆಸ್ ಪ್ರಮುಖರು. ಬಾಕೊನ್‌ರ ಪಾಠಕ್ಕೆ ಕ್ರಮವೆಂಬುದಿರಲಿಲ್ಲ. ಆ ದಿನ ಶಿಷ್ಯನಿಗೆ ಏನು ಬೇಕೋ ಅದು. ಇಂಥ ಪಾಠದಲ್ಲಿ ಪ್ರತಿಭಾವಂತ ಬೇಗ ಬೆಳೆಯುತ್ತಾನೆ, ಸಾಮಾನ್ಯನು ವರ್ಷಗಟ್ಟಲೆ ತಡಕಾಡುತ್ತಾನೆ, ಮತ್ತು ಗುರು ಇಲ್ಲವಾದರೆ ಪಾಠವೇ ನಿಂತುಹೋಗುತ್ತದೆ. ವಿಲಾಸಿನ್ ಅದೇ ಚಲನೆಗಳನ್ನು ಸ್ವಭಾವಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಒಂದಾದ ಮೇಲೊಂದರಂತೆ ಕಲಿಸುವ ವ್ಯವಸ್ಥೆಯನ್ನು ಕಟ್ಟಿದರು. ಎತ್ತಿ ಸರಿಸುವ ಪಟ್ಟುಗಳದು ಒಂದು ಗುಂಪು, ಹೀಗೆ. ವೆಲೆಸ್ ಈ ವ್ಯವಸ್ಥೆಯ ಮೂಲಕ ಅನೇಕ ಶಿಷ್ಯರನ್ನು ತಯಾರುಮಾಡಿದರು. ಅವರ ಕೂಟಕ್ಕೆ ತೆಯೊವೆಲ್ ಎಂದು ಹೆಸರಾಯಿತು. ತೆಯೊಫಿಲೊ ಮತ್ತು ವೆಲೆಸ್ ಎರಡರ ಮೊದಲ ಭಾಗಗಳನ್ನು ಕೂಡಿಸಿದ ಹೆಸರದು.

ಇಲ್ಲಿ ನಿಜವಾದ ಇಕ್ಕಟ್ಟು ಹುಟ್ಟುತ್ತದೆ. ಗುರು ಕಲಿಸಿದ ವಿಷಯ ಅದೇ, ಕಲಿಸುವ ಕ್ರಮ ಮಾತ್ರ ಶಿಷ್ಯನದು. ಇದನ್ನು ಬರೀ ‘ಬಲಿಂತವಾಕ್’ ಎಂದರೆ, ಕ್ರಮವನ್ನು ಕಟ್ಟಿದವನ ಶ್ರಮ ಅಳಿಸಿಹೋಗುತ್ತದೆ. ಅದರ ಜೊತೆಗೆ ಶಿಷ್ಯನ ಬದಲಾವಣೆಗಳೆಲ್ಲ ಗುರುವಿನ ತಲೆಗೆ ಕಟ್ಟಿದಂತಾಗುತ್ತದೆ. ಹೊಸ ಹೆಸರನ್ನೇ ಇಟ್ಟರೆ ಗುರುವಿಗೆ ದ್ರೋಹ. ‘ವಿಲಾಸಿನ್ ಬಲಿಂತವಾಕ್’, ‘ತೆಯೊವೆಲ್ ಬಲಿಂತವಾಕ್’ ಎಂಬ ಜೋಡಿಹೆಸರು ಈ ಎರಡು ಅನ್ಯಾಯಗಳ ನಡುವಿನ ದಾರಿ. ಎರಡನೆಯ ಪದ ಎಲ್ಲಿಂದ ಬಂದಿತೆಂದು ಹೇಳುತ್ತದೆ. ಮೊದಲನೆಯದು ಯಾರ ಕೈದಾಟಿ ಬಂದಿತೆಂದು ಹೇಳುತ್ತದೆ. ಬಾಕೊನ್ ತನ್ನ ಹೆಸರಿನ ಬದಲು ಬೀದಿಯ ಹೆಸರನ್ನು ಇಟ್ಟಿದ್ದರಿಂದಲೇ ಈ ಜೋಡಣೆ ಇಷ್ಟು ಸರಾಗವಾಯಿತು ಎಂದು ನನಗನ್ನಿಸುತ್ತದೆ. ಮನುಷ್ಯನ ಹೆಸರಿನ ಮುಂದೆ ಇನ್ನೊಬ್ಬ ಮನುಷ್ಯನ ಹೆಸರು ಬಂದರೆ ಯಾರು ಮೊದಲು ಎಂಬ ತಕರಾರು ಏಳುತ್ತದೆ. ಬೀದಿಯ ಹೆಸರಿಗೆ ಆ ಹಟವಿಲ್ಲ.

ಕ್ರಮಬದ್ಧ ಪಾಠವನ್ನು ಎಲ್ಲರೂ ಒಪ್ಪಿಕೊಂಡರೆಂದಲ್ಲ. ಬಾಕೊನ್‌ರ ಇನ್ನೊಬ್ಬ ಶಿಷ್ಯ ತೆಡ್ ಬುವೊತ್ ಅಮೆರಿಕದ ಮಿಷಿಗನ್‌ಗೆ ಹೋಗಿ ನೆಲೆಸಿ, ಗುಂಪುಗಳಿಲ್ಲದ ಹಳೆಯ ರೀತಿಯಲ್ಲಿಯೇ ಒಬ್ಬೊಬ್ಬರಿಗೆ ಕಲಿಸಿದರು. ಅವರ ಶಿಷ್ಯರು ಅವರನ್ನು ‘ಮನೊಂಗ್ ತೆಡ್’ ಎಂದೇ ಕರೆಯುತ್ತಿದ್ದರು, ಇಂದಿಗೂ ಹಾಗೆಯೇ ನೆನೆಯುತ್ತಾರೆ. ವೆಲೆಸ್‌ರ ಶಿಷ್ಯ ಬಾಬ್ಬಿ ತಬೊವಾದಾ ಅದೇ ಅಮೆರಿಕದ ನಾರ್ತ್ ಕರೊಲಿನಾದಲ್ಲಿ ನೆಲೆಸಿ ಗುಂಪುಗಳ ವ್ಯವಸ್ಥೆಯನ್ನು ದೇಶದೇಶಗಳಿಗೆ ಹಬ್ಬಿಸಿದರು. ಒಂದೇ ಬೀದಿಯ ಹೆಸರಿನಡಿ ಎರಡು ಪಾಠವಿಧಾನಗಳು ಒಂದೇ ದೇಶದಲ್ಲಿ ಬೆಳೆದವು. ಕಲಿಯಲು ಬಂದವನಿಗೆ ‘ಬಲಿಂತವಾಕ್’ ಎಂಬ ಒಂದೇ ಪದದಿಂದ ತನಗೇನು ಸಿಗಲಿದೆ ಎಂಬುದು ತಿಳಿಯುವುದಿಲ್ಲ. ಮನೊಂಗ್ ತೆಡ್‌ರ ಹಾದಿಯೋ ತೆಯೊವೆಲ್ ಹಾದಿಯೋ ಎಂದು ಹೇಳಿದರೆ ತಿಳಿಯುತ್ತದೆ.

ರೆಮಿ ಪ್ರೆಸಾಸ್‌ರ ಉದಾಹರಣೆ ಇದಕ್ಕೆ ಇನ್ನೊಂದು ಮಗ್ಗುಲು. ನೆಗ್ರೊಸ್ ದ್ವೀಪದ ಹಿನಿಗಾರಾನ್‌ನಲ್ಲಿ 1936ರಲ್ಲಿ ಹುಟ್ಟಿದ ಅವರು ಮೊದಲು ಕಲಿತದ್ದು ತಮ್ಮ ಅಜ್ಜ ಲಿಯೊನ್ ಪ್ರೆಸಾಸ್‌ರಿಂದ. ಸೆಬುವಿಗೆ ಬಂದು ಮರಾಂಗಾ ಮತ್ತು ಬಾಕೊನ್‌ರಿಂದ ಬಲಿಂತವಾಕ್ ಕಲಿತರು. ಎದುರಾಳಿಯ ಕೈಗೆ ಹೊಡೆದು ಕಲಿಸುವ ಹಳೆಯ ಪದ್ಧತಿಯಿಂದ ಹುಡುಗರು ನೋವಿಗೆ ಹೆದರಿ ಬಿಟ್ಟುಹೋಗುತ್ತಿದ್ದುದನ್ನು ನೋಡಿ, ಕೋಲಿಗೆ ಕೋಲು ತಾಗಿಸಿ ಅಭ್ಯಾಸ ಮಾಡುವ ಕ್ರಮವನ್ನು ತಂದು, ಅದಕ್ಕೆ ಮಾಡರ್ನ್ ಅರ್ನಿಸ್ ಎಂದು ಹೆಸರಿಟ್ಟರು. ವಿಸಾಯಾಸ್‌ನವರಾಗಿಯೂ ಎಸ್ಕ್ರಿಮಾ ಎನ್ನದೆ ಅರ್ನಿಸ್ ಎಂದದ್ದು ಇಡೀ ದೇಶವನ್ನು ತಲುಪಬೇಕೆಂಬ ಆಸೆಯಿಂದ. ‘ಮಾಡರ್ನ್’ ಎಂಬ ಪದ ಮಾತ್ರ ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಹೊಸದು ಎಂದು ಸಾರುವ ಹೆಸರು ಹಳೆಯದರ ಮೂಲವನ್ನು ಕೇಳುಗನಿಂದ ಮರೆಮಾಡುತ್ತದೆ. ಆದರೆ ಪ್ರೆಸಾಸ್ ತಮ್ಮ ಅಜ್ಜನ ಹೆಸರನ್ನೂ ಬಾಕೊನ್ ಹೆಸರನ್ನೂ ಹೇಳುತ್ತಲೇ ಬಂದರು. ಎದುರಾಳಿಯ ಮರುಹೊಡೆತಕ್ಕೆ ಮತ್ತೆ ಮರುಹೊಡೆತ ಕೊಡುವ ಅವರ ತಾಪಿ-ತಾಪಿ ಎಂಬ ಅಭ್ಯಾಸವನ್ನು ನೋಡಿದ ಯಾವ ಬಲಿಂತವಾಕ್ ಶಿಷ್ಯನೂ ಅದರಲ್ಲಿ ತನ್ನ ಮನೆಯ ಕೈಯನ್ನು ಗುರುತಿಸದೆ ಇರಲಾರ. 2001ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯರೂ ಹಲವು ಸಂಘಟನೆಗಳಾಗಿ ಕವಲೊಡೆದರು.

ಬಿರುದುಗಳ ಕಾಲ

1970ರ ದಶಕದಿಂದ ಈಚೆಗೆ ಪರಿಸ್ಥಿತಿ ಬದಲಾಯಿತು. 1975ರಲ್ಲಿ ರಾಷ್ಟ್ರೀಯ ಅರ್ನಿಸ್ ಸಂಘ ಸ್ಥಾಪನೆಯಾಯಿತು. 1979ರ ಮಾರ್ಚ್‌ನಲ್ಲಿ ಸೆಬುವಿನಲ್ಲಿ ಮುಕ್ತ ಪಂದ್ಯಾವಳಿ ನಡೆದು, ಗುರುಗಳ ವಿಭಾಗದಲ್ಲಿ ಕಾಕೊಯ್ ಕಾನ್ಯೆತೆ ಗೆದ್ದರು. 1989ರಲ್ಲಿ ಸೆಬುವಿನಲ್ಲಿಯೇ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ ಒಕ್ಕೂಟ ತನ್ನ ಹೆಸರಿನಲ್ಲಿ ಎಸ್ಕ್ರಿಮಾ, ಕಾಲಿ, ಅರ್ನಿಸ್ ಮೂರನ್ನೂ ಇರಿಸಿಕೊಂಡಿತು. ಬೀದಿಯಲ್ಲಿ ತೀರ್ಮಾನವಾಗುತ್ತಿದ್ದ ಜಗಳಗಳು ಅಂಕಪಟ್ಟಿಗೆ ಬಂದದ್ದು ದೊಡ್ಡ ಲಾಭ.

ಅದರೊಂದಿಗೆ ಬಿರುದುಗಳೂ ಬಂದವು. ಮಾಸ್ಟರ್ ಸಾಲದೆ ಗ್ರ್ಯಾಂಡ್‌ಮಾಸ್ಟರ್, ಅದೂ ಸಾಲದೆ ಸುಪ್ರೀಂ ಮತ್ತು ಗ್ರೇಟ್ ಎಂಬ ವಿಶೇಷಣಗಳು. ಬದುಕಿರುವವರು ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರ ಗುರುವನ್ನು ಇನ್ನೊಂದು ಮೆಟ್ಟಿಲು ಮೇಲೇರಿಸಲೇಬೇಕಾಗುತ್ತದೆ. ಹಾಗಾಗಿ ತೀರಿಕೊಂಡ ಬಾಕೊನ್ ಈಗ ‘ಗ್ರೇಟ್ ಗ್ರ್ಯಾಂಡ್‌ಮಾಸ್ಟರ್’. ಇದರ ಹಿಂದಿನ ಭಕ್ತಿ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿರುದು ಎತ್ತರವನ್ನು ಹೇಳುತ್ತದೆಯೇ ಹೊರತು ಸಂಬಂಧವನ್ನು ಹೇಳುವುದಿಲ್ಲ. ಪ್ರಮಾಣಪತ್ರದ ಮೇಲಿನ ಬಿರುದನ್ನು ಯಾವ ಸಂಘಟನೆಯಾದರೂ ಕೊಡಬಹುದು, ಅಲ್ಪಕಾಲದ ಶಿಬಿರದಲ್ಲಿ ಕಲಿತವರಿಗೂ ಕೊಡಬಹುದು. ‘ನೊಂಗ್ ಅನ್ಸ್ಯೊಂಗ್’ ಎಂದು ಕರೆಯುವ ಹಕ್ಕು ಮಾತ್ರ ಆ ಇಕ್ಕಟ್ಟಾದ ಅಂಗಳದಲ್ಲಿ ಎದುರು ನಿಂತವರಿಗೇ ಸಿಗುವಂಥದ್ದು.

ಡೊಸೆ ಪಾರೆಸ್‌ನಲ್ಲಿಯೂ ಇದೇ ನಡೆಯಿತು ಎಂಬುದು ಈ ಪ್ರಕರಣಕ್ಕೆ ಪೂರಕವಾಗಿದೆ. ಯೂಲೊಹಿಯೊ ನಿಧನದ ನಂತರದ ವರ್ಷಗಳಲ್ಲಿ ಆ ಸಂಘದ ಪರಂಪರೆ ಕವಲಾಗಿ, ಒಂದು ಕವಲು ಕಾಕೊಯ್ ಡೊಸೆ ಪಾರೆಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಹನ್ನೆರಡು ಸಮಾನರ ಹೆಸರಿನ ಮುಂದೆ ಒಬ್ಬ ಹಿರಿಯನ ಮುದ್ದುಹೆಸರು ಬಂದು ನಿಂತಿತು. ಕಾಕೊಯ್ 2016ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ವೈರಿ ಮನೆಗಳು ಒಂದರಿಂದೊಂದು ಕೇಳಿ ಮಾಡಿದ್ದಲ್ಲವಾದರೂ, ಹೆಸರಿನ ಸಮಸ್ಯೆಗೆ ಒಂದೇ ಬಗೆಯ ಪರಿಹಾರ ಕಂಡುಕೊಂಡವು.

ಸೆಬುವಾನೊ ಜನರು ‘ಉತಾಂಗ್ ಕಬುಬುತ್-ಒನ್’ ಎಂದು ಕರೆಯುವ, ಹಣದಿಂದ ತೀರದ ಉಪಕಾರದ ಋಣದ ಕಲ್ಪನೆ ಈ ಎಲ್ಲದರ ಹಿಂದಿದೆ. ಆ ಋಣವನ್ನು ಒಪ್ಪಿಕೊಂಡವನು ಗುರುವಿನ ಜೊತೆ ಎಂದೂ ಭಿನ್ನಾಭಿಪ್ರಾಯ ತಾಳಬಾರದು ಎಂದು ಕೆಲವರು ವಾದಿಸುತ್ತಾರೆ, ಶಿಷ್ಯ ಹೊರಟುಹೋದರೆ ಅವನನ್ನು ಕೃತಘ್ನನೆನ್ನುತ್ತಾರೆ. ಬಾಕೊನ್‌ರ ಪ್ರಕರಣ ಅದಕ್ಕೆ ಬಲವಾದ ಉತ್ತರ. ಅವರು ಸಂಘವನ್ನು ಬಿಟ್ಟರು, ಗುರುವನ್ನು ಬಿಡಲಿಲ್ಲ. ವಿಲಾಸಿನ್ ಪಾಠಕ್ರಮವನ್ನು ಬದಲಾಯಿಸಿದರು, ಬಲಿಂತವಾಕ್ ಹೆಸರನ್ನು ಬದಲಾಯಿಸಲಿಲ್ಲ. ಪ್ರೆಸಾಸ್ ಹೆಸರನ್ನೂ ಬದಲಾಯಿಸಿದರು, ಬಾಕೊನ್‌ರಿಂದ ಕಲಿತೆನೆಂಬುದನ್ನು ಮುಚ್ಚಿಡಲಿಲ್ಲ. ಮೂರೂ ಸಂದರ್ಭಗಳಲ್ಲಿ ಬೇರೆಯಾಗುವಿಕೆಯ ಪ್ರಮಾಣ ಬೇರೆಬೇರೆ, ಆದರೆ ಮೂಲವನ್ನು ಹೇಳುವ ಹೊಣೆಯನ್ನು ಯಾರೂ ತಪ್ಪಿಸಿಕೊಳ್ಳಲಿಲ್ಲ.

ಬಗೆಹರಿಯದೆ ಉಳಿದದ್ದು ಒಂದೇ ಪ್ರಶ್ನೆ. ‘ಮೂಲ ಬಲಿಂತವಾಕ್’ ಯಾರದು? ಒಂದಕ್ಕಿಂತ ಹೆಚ್ಚು ಶಾಖೆಗಳು ಆ ವಿಶೇಷಣವನ್ನು ತಮಗೆ ಬಳಸಿಕೊಂಡಿವೆ, ಸ್ಥಾಪನೆಯ ಕಥೆಯನ್ನು ಕೂಡ ತಂತಮ್ಮ ಹಿರಿಯರ ಕಡೆಯಿಂದ ಹೇಳುತ್ತವೆ. ಕ್ರಮವಿಲ್ಲದೆ, ಒಬ್ಬೊಬ್ಬ ಶಿಷ್ಯನಿಗೆ ಒಂದೊಂದು ರೀತಿಯಲ್ಲಿ ಕಲಿಸಿದ ಗುರುವಿನ ವಿದ್ಯೆಗೆ ಒಂದೇ ಮೂಲರೂಪ ಇರಲು ಸಾಧ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಲೊಪೆಸ್ ಪಡೆದ ಬಾಕೊನ್ ಬೇರೆ, ಮರಾಂಗಾ ಪಡೆದ ಬಾಕೊನ್ ಬೇರೆ, ಸೆರೆಮನೆಯ ಆಚೀಚಿನ ವರ್ಷಗಳಲ್ಲಿ ಕಲಿತವರು ಪಡೆದ ಬಾಕೊನ್ ಇನ್ನೂ ಬೇರೆ. ಆದ್ದರಿಂದ ಈ ವಿದ್ಯೆಯನ್ನು ಕಲಿಸುವವರು ‘ಮೂಲ’ ಎಂಬ ವಿಶೇಷಣವನ್ನು ಕೈಬಿಟ್ಟು, ತಮ್ಮ ಗುರು, ಗುರುವಿನ ಗುರು, ಬಾಕೊನ್, ಲೊರೆನ್ಸೊ ಸಾವೆದ್ರಾ ಎಂದು ಹೆಸರುಗಳನ್ನು ಸಾಲಾಗಿ ಬರೆದು, ಪ್ರತಿ ಹೆಸರಿನ ಪಕ್ಕದಲ್ಲಿ ಎಲ್ಲಿ, ಯಾವ ಅವಧಿಯಲ್ಲಿ, ಯಾವ ಪಾಠಕ್ರಮದಲ್ಲಿ ಕಲಿತದ್ದು ಎಂಬುದನ್ನು ಸೇರಿಸಿದರೆ, ಕಲಿಯಲು ಬರುವವರಿಗೆ ಬೇಕಾದದ್ದೆಲ್ಲ ಅದರಲ್ಲಿಯೇ ಸಿಗುತ್ತದೆ.